ಕ್ರೈಸ್ತ ಸಭೆಯ (ಚರ್ಚಿನ) ಅನ್ಯೋನ್ಯತೆಯಿಂದ ಒಬ್ಬರನ್ನು ಯಾವಾಗ ಹೊರಗಿಡಬೇಕು?

ಪ್ರಶ್ನೆ: ಸದಸ್ಯರೊಬ್ಬರು ಸಭೆಯ ಹಲವರಿಂದ ಸಾಲ ಪಡೆದು ವಾಪಸ್ ಕೊಟ್ಟಿಲ್ಲ. ಹಿರಿಯರೊಬ್ಬರು ಒಮ್ಮೆ ಎಚ್ಚರಿಸಿದ್ದಾರೆ. ಬರುವ ಭಾನುವಾರ ಹೆಸರು ಓದಿ ಹೊರಗಿಡಬಹುದೇ?

ಉತ್ತರ 1: ಬೇಡ, ನಡುವಿನ ಹೆಜ್ಜೆಗಳು ಬಿಟ್ಟುಹೋಗಿವೆ. ಬೈಬಲಿನ ಮತ್ತಾಯ 18:15-17ರ ಪ್ರಕಾರ ಮೊದಲು ಒಬ್ಬರೇ ಹೋಗಿ ತಿಳಿಸಬೇಕು, ಕೇಳದಿದ್ದರೆ ಇನ್ನೂ ಒಬ್ಬಿಬ್ಬರ ಜೊತೆ ಹೋಗಬೇಕು, ಆಮೇಲೆ ಸಭೆಗೆ ಹೇಳಬೇಕು. ಸಭೆಗೂ ಕಿವಿಗೊಡದಿದ್ದಾಗ ಮಾತ್ರ ಹೊರಗಿಡುವುದು. ಜೊತೆಗೆ ಹೋಗುವವರು ಸಾಲ ಕೊಟ್ಟು ಕುದಿಯುತ್ತಿರುವವರಾಗಬಾರದು. ಎಡವಟ್ಟಾಗುವುದು ಹೆಚ್ಚಾಗಿ ಇಲ್ಲೇ. ಕೊಟ್ಟ ದಿನ, ಮೊತ್ತ, ಹೇಳಿದ ಕಾರಣ ಎಲ್ಲ ಬರೆದಿಟ್ಟುಕೊಳ್ಳಿ. ಬಡತನದಿಂದ ತೀರಿಸಲಾಗದವನು ಬೇರೆ, ಸುಳ್ಳು ಹೇಳಿ ಕಿತ್ತುಕೊಂಡವನು ಬೇರೆ. 1 ಕೊರಿಂಥ 5:11ರ ಪಟ್ಟಿಯಲ್ಲಿ ಇರುವುದು ಎರಡನೆಯವನು.

ಉತ್ತರ 2: ಹೊರಗಿಟ್ಟರೆ ಏನೇನು ನಿಲ್ಲುತ್ತದೆ ಎಂದು ಮೊದಲೇ ಬರೆದಿಡಿ: ಕರ್ತನ ಭೋಜನ (ರೊಟ್ಟಿ-ದ್ರಾಕ್ಷಾರಸ ಹಂಚಿಕೊಳ್ಳುವ ಆಚರಣೆ), ಸೇವೆಯ ಹೊಣೆ, ಮತದಾನ. ಪ್ರಸಂಗ ಕೇಳಲು ಬಂದರೆ ಬಾಗಿಲು ಹಾಕಬೇಡಿ. 2 ಥೆಸಲೊನೀಕ 3:15 ವೈರಿಯೆಂದು ಎಣಿಸದೆ ಸಹೋದರನೆಂದು ಬುದ್ಧಿಹೇಳಿ ಅನ್ನುತ್ತದೆ. ಹೆಂಡತಿ ಮಕ್ಕಳನ್ನು ಶಿಕ್ಷೆಗೆ ಸೇರಿಸಬೇಡಿ. ವಾಟ್ಸಾಪ್ ಗುಂಪಿನಲ್ಲಿ ಹಾಕುವುದಂತೂ ಶಿಸ್ತಲ್ಲ, ಮಾನಹಾನಿ ಕೇಸಿಗೆ ಆಹ್ವಾನ.

ಉತ್ತರ 3: ಒಂದು ಎಚ್ಚರಿಕೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ ಈ ಮೆಟ್ಟಿಲುಗಳು ಅನ್ವಯಿಸುವುದಿಲ್ಲ. 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಪಾಸ್ಟರಿಗೂ ವಿನಾಯಿತಿ ಇಲ್ಲ.

ಉತ್ತರ 1 (ಮುಂದುವರಿಕೆ): ವಾಪಸ್ ಸೇರಿಸುವ ದಾರಿಯನ್ನೂ ಅದೇ ದಿನ ಹೇಳಿಬಿಡಿ: ತಪ್ಪೊಪ್ಪಿಗೆ, ತಿಂಗಳ ಕಂತು. ಮನಸ್ಸು ತಿರುಗಿದ ಮೇಲೂ ಎಳೆದಾಡಿದರೆ 2 ಕೊರಿಂಥ 2:7 ಹೇಳುವಂತೆ ದುಃಖವೇ ಅವನನ್ನು ನುಂಗುತ್ತದೆ.