ಗಾರ್ಡ್‌ನಿಂದ ಆರ್ಮ್‌ಬಾರ್: ಎಂಎಂಎ ಸ್ಪಾರಿಂಗ್‌ನಲ್ಲಿ ಸಿಗುತ್ತಲೇ ಇಲ್ಲ, ಬಿಟ್ಟುಬಿಡಬೇಕಾ?

ಕೆಳಗಿನಾಟ:
ಎಲ್ಲರಿಗೂ ನಮಸ್ಕಾರ. ಗಿ (ದಪ್ಪ ಬಟ್ಟೆಯ ಉಡುಪು) ಹಾಕಿಕೊಂಡು ಜಿಯು-ಜಿತ್ಸು ಆಡುವಾಗ ಕ್ಲೋಸ್ಡ್ ಗಾರ್ಡ್‌ನಿಂದ, ಅಂದರೆ ಕೆಳಗೆ ಮಲಗಿ ಎದುರಿನವರ ಸೊಂಟಕ್ಕೆ ಕಾಲು ಸುತ್ತಿಕೊಂಡು, ಅವರ ಮೊಣಕೈ ಹಿಂದಕ್ಕೆ ಬಾಗಿಸುವ ಆರ್ಮ್‌ಬಾರ್ ನನಗೆ ಚೆನ್ನಾಗಿ ಪಳಗಿದ ಪಟ್ಟು. ಈಗ ಎಂಎಂಎ (ಗುದ್ದು, ಒದೆ, ಕುಸ್ತಿ ಎಲ್ಲ ಸೇರಿದ ಕಾದಾಟ) ಶುರು ಮಾಡಿದ್ದೇನೆ. ಇಲ್ಲಿ ಸ್ಪಾರಿಂಗ್‌ನಲ್ಲಿ (ಅಭ್ಯಾಸದ ಕಾದಾಟದಲ್ಲಿ) ಅದೇ ಪಟ್ಟು ಹಾಕಲು ಹೋದರೆ ಕೈ ಬೆವರಿಗೆ ಜಾರಿಹೋಗುತ್ತದೆ. ಜಾರದಿದ್ದರೆ ಎದುರಿನವರು ಮೈಮೇಲೆ ಒರಗಿ ನನ್ನನ್ನೇ ಮಡಚಿ ಹಾಕುತ್ತಾರೆ. ಎಷ್ಟೋ ಸಲ ಕಾಲು ಎತ್ತುವ ಮೊದಲೇ ಮುಖಕ್ಕೆ ಗುದ್ದು. ಜೊತೆಯವರು "ಅದೆಲ್ಲ ಹಳೇ ಕಾಲದ್ದು, ಸುಮ್ನೆ ಮೇಲೇಳೋದು ಕಲಿ" ಎನ್ನುತ್ತಾರೆ. ನಿಜವಾಗಲೂ ಇದರ ಕಾಲ ಮುಗಿಯಿತಾ?

ಮೊಣಕೈ ಪ್ರೇಮಿ:
ಮೊದಲು ಒಂದು ವಿಷಯ ಹೇಳಿ. ನೀವು ಸೊಂಟ ಎತ್ತುವ ಹೊತ್ತಿಗೆ ಅವರ ತಲೆ ಎಲ್ಲಿರುತ್ತದೆ? ನಿಮ್ಮ ಎದೆ ಹತ್ತಿರವೋ, ಬೆನ್ನು ನೆಟ್ಟಗೆ ಮಾಡಿ ಮೇಲೋ? ಕೈಯನ್ನು ಹಿಡಿಯುವುದು ಎಲ್ಲಿ?

ಕೆಳಗಿನಾಟ:
ಹೆಚ್ಚಾಗಿ ಮೇಲೇ ಇರುತ್ತದೆ. ಮಣಿಕಟ್ಟು ಹಿಡಿದು ಎಳೆಯುತ್ತೇನೆ, ಕೈ ಸ್ವಲ್ಪ ನೆಟ್ಟಗಾದ ಕೂಡಲೇ ಕಾಲು ಹಾಕುತ್ತೇನೆ.

ಮೊಣಕೈ ಪ್ರೇಮಿ:
ಹಾಗಾದರೆ ನಿಮ್ಮ ಎಲ್ಲ ತೊಂದರೆಗೂ ಬೇರು ಅಲ್ಲೇ ಇದೆ. ಗಿ ಇದ್ದಾಗ ತೋಳಿನ ಬಟ್ಟೆ, ಕಾಲರ್ ಹಿಡಿದು ಅವರನ್ನು ಕಟ್ಟಿಹಾಕಬಹುದು. ಇಲ್ಲಿ ಬರೀ ಚರ್ಮ. ಮಣಿಕಟ್ಟೊಂದನ್ನೇ ನಂಬಿದರೆ ಕೆಲಸ ಕೆಡುತ್ತದೆ. ಕೈಯನ್ನು ಅಡ್ಡ ಹಾಯಿಸಿ ಮೊಣಕೈಗಿಂತ ಸ್ವಲ್ಪ ಮೇಲೆ, ತೋಳಿನ ಹಿಂಭಾಗ ಹಿಡಿಯಿರಿ. ಅವರ ಮೊಣಕೈ ನಿಮ್ಮ ಎದೆಯ ನಡುಭಾಗ ದಾಟಬೇಕು. ಇನ್ನೊಂದು ಕೈ ಕತ್ತಿನ ಹಿಂದೆ. ತಲೆ ಕೆಳಗೆ ಬಂದರೆ ಗುದ್ದಲು ಅವರಿಗೆ ಜಾಗವೇ ಇರುವುದಿಲ್ಲ, ನಿಮಗೆ ಕಾಲು ತಿರುಗಿಸಲು ಸಮಯ ಸಿಗುತ್ತದೆ.

ಗ್ಲೌಸ್ ಬಗ್ಗೆಯೂ ಹೇಳಿಬಿಡುತ್ತೇನೆ. ಅದರೊಳಗೆ ಬೆರಳು ತೂರಿಸಿ ಹಿಡಿಯುವುದು ನಿಯಮಕ್ಕೆ ವಿರುದ್ಧ. ಆದರೆ ಗ್ಲೌಸ್‌ನ ಪಟ್ಟಿ ಮಣಿಕಟ್ಟಿನ ಹತ್ತಿರ ದಪ್ಪಗಿರುತ್ತದೆ ಅಲ್ವಾ? ಕೊನೆಗೆ ಕೈ ಎಳೆಯುವಾಗ ನಿಮ್ಮ ಮುಂಗೈಯನ್ನು ಅದರ ಕೆಳಗೆ ಸುತ್ತಿ ಎದೆಗೆ ಒತ್ತಿಕೊಳ್ಳಿ. ಆ ದಪ್ಪವೇ ಜಾರದಂತೆ ತಡೆಯುತ್ತದೆ.

ಇನ್ನು ಮಡಚಿ ಹಾಕುವುದು. ನೀವು ಬಹುಶಃ ಅವರ ಎದುರಿಗೇ ಮಲಗಿದ್ದೀರಿ. ಯಾವ ಕೈಗೆ ಪಟ್ಟು ಹಾಕುತ್ತಿದ್ದೀರೋ ಅದೇ ಕಡೆಯ ಅವರ ಕಾಲಿನ ಒಳಗಿಂದ ನಿಮ್ಮ ಕೈ ತೂರಿಸಿ, ಅದನ್ನೇ ಆಧಾರ ಮಾಡಿಕೊಂಡು ಅಡ್ಡಕ್ಕೆ ತಿರುಗಿ. ಅವರ ಕಿವಿ ನಿಮಗೆ ಕಾಣಬೇಕು. ಅವರ ಬೆನ್ನ ಮೇಲಿರುವ ನಿಮ್ಮ ಕಾಲಿನ ಹಿಮ್ಮಡಿ ಕೆಳಕ್ಕೆ ಒತ್ತಲಿ, ಮೊಣಕಾಲುಗಳು ಬಿಗಿಯಾಗಿರಲಿ. ಮೊಣಕಾಲು ಸಡಿಲವಾದರೆ ಮೊಣಕೈ ಹೊರಗೆ ಜಾರಿತು ಅಂತಲೇ ಲೆಕ್ಕ.

ನೆಲಕ್ಕೆ ಕೆಡವು:
ನಾನು ಒಪ್ಪುವುದಿಲ್ಲ. 2012ರ ಯುಎಫ್‌ಸಿ 152 ಎಂಬ ಎಂಎಂಎ ಕೂಟದಲ್ಲಿ ವಿಟರ್ ಬೆಲ್ಫೋರ್ಟ್ ಮೊದಲ ರೌಂಡ್‌ನಲ್ಲೇ ಜಾನ್ ಜೋನ್ಸ್ ಕೈಗೆ ಇದೇ ಪಟ್ಟು ಹಾಕಿದ್ದರು, ಅದೂ ಗಾರ್ಡ್‌ನಿಂದ. ಮೊಣಕೈ ಹಿಂದಕ್ಕೆ ಬಾಗಿತ್ತು. ಜೋನ್ಸ್ ಟ್ಯಾಪ್ ಮಾಡಲಿಲ್ಲ (ಕೈ ತಟ್ಟಿ ಸೋಲೊಪ್ಪಲಿಲ್ಲ), ಬಿಡಿಸಿಕೊಂಡು ನಾಲ್ಕನೇ ರೌಂಡ್‌ನಲ್ಲಿ ಬೆಲ್ಫೋರ್ಟ್ ಕೈಯನ್ನೇ ತಿರುಚಿ ಗೆದ್ದರು. ಇನ್ನೊಂದು, ಪಟ್ಟಿನಲ್ಲಿ ಸಿಕ್ಕವನು ನಿಮ್ಮನ್ನು ಎತ್ತಲು ಶಕ್ತನಾದರೆ ಎತ್ತಿ ಬಡಿಯಬಹುದು, ನಿಯಮದಲ್ಲೇ ಅವಕಾಶ ಇದೆ. 2004ರಲ್ಲಿ ಜಪಾನಿನ ಪ್ರೈಡ್ ಕೂಟದಲ್ಲಿ ರಿಕಾರ್ಡೊ ಅರೋನಾ ಟ್ರಯಾಂಗಲ್ (ಎದುರಾಳಿಯ ಕತ್ತು ಮತ್ತು ಒಂದು ಕೈಯನ್ನು ಕಾಲುಗಳಲ್ಲಿ ಸಿಕ್ಕಿಸಿ ಕತ್ತು ಹಿಸುಕುವ ಪಟ್ಟು) ಬಿಡದೆ ಹಿಡಿದುಕೊಂಡರು. ಕ್ವಿಂಟನ್ ಜಾಕ್ಸನ್ ಅನಾಮತ್ತಾಗಿ ಎತ್ತಿ ಬಡಿದರು, ಅಲ್ಲಿಗೇ ಮುಗಿಯಿತು. ಆರ್ಮ್‌ಬಾರ್‌ಗೆ ಹೆಸರಾದ ರೋಂಡಾ ರೌಸಿ ಉದಾಹರಣೆ ಯಾರಾದರೂ ಕೊಡುವ ಮೊದಲೇ ಹೇಳುತ್ತೇನೆ: 2015ರಲ್ಲಿ ಕ್ಯಾಟ್ ಜಿಂಗಾನೊ ಮೇಲೆ 14 ಸೆಕೆಂಡ್‌ನಲ್ಲಿ ಸಿಕ್ಕ ಆರ್ಮ್‌ಬಾರ್ ಗಾರ್ಡ್‌ನಿಂದ ಬಂದದ್ದಲ್ಲ.

ಮೊಣಕೈ ಪ್ರೇಮಿ:
ರೌಸಿ ವಿಷಯ ಸರಿ. ಎತ್ತಿ ಬಡಿಯುವುದಕ್ಕೂ ಉತ್ತರ ನಾನು ಆಗಲೇ ಹೇಳಿದ ಕಾಲಿನ ಹಿಡಿತವೇ. ಅವರ ಕಾಲು ನಿಮ್ಮ ಕೈಯಲ್ಲಿದ್ದರೆ ಎದ್ದು ನಿಲ್ಲುವುದು ಕಷ್ಟ. ಅದೂ ತಪ್ಪಿ ನಿಮ್ಮ ಬೆನ್ನು ನೆಲ ಬಿಟ್ಟು ಮೇಲೇಳುತ್ತಿದೆ ಅನಿಸಿದರೆ ಬಿಟ್ಟುಬಿಡಿ. ಹಟ ಬೇಡ.

ಆದರೆ 2010ರ ವೆರ್ಡುಮ್-ಫೆಡೋರ್ ಪಂದ್ಯ ಇನ್ನೊಮ್ಮೆ ನೋಡಿ. ವೆರ್ಡುಮ್ ಕೆಳಗೆ ಬೆನ್ನು ನೆಲಕ್ಕೆ ಹಾಕಿ ಮಲಗಿದ್ದರು. ಫೆಡೋರ್ ಗುದ್ದಲು ಗಾರ್ಡ್ ಒಳಗೆ ನುಗ್ಗಿದರು, ಕೈ ಮುಂದೆ ಬಂತು, ಟ್ರಯಾಂಗಲ್ ಮತ್ತು ಆರ್ಮ್‌ಬಾರ್ ಎರಡೂ ಒಟ್ಟಿಗೆ ಬಿಗಿದವು. 69 ಸೆಕೆಂಡ್‌ನಲ್ಲಿ ಟ್ಯಾಪ್. ಅದೇ ವರ್ಷ ಆಂಡರ್ಸನ್ ಸಿಲ್ವ ಪಂದ್ಯವಿಡೀ ಚೇಲ್ ಸೋನೆನ್ ಕೆಳಗೆ ಒದ್ದಾಡಿ ಐದನೇ ರೌಂಡ್‌ನಲ್ಲಿ ಹೀಗೇ ಗೆದ್ದರು. ತೀರಾ ಹಳೆಯದು ಅನ್ನುತ್ತೀರಾ? 2021ರಲ್ಲಿ ಪಾಲ್ ಕ್ರೇಗ್ ತಾವಾಗಿ ಗಾರ್ಡ್‌ಗೆ ಎಳೆದುಕೊಂಡು ಜಮಹಾಲ್ ಹಿಲ್ ಮೊಣಕೈ ಕೀಲು ತಪ್ಪಿಸಿದರು. ಗಮನಿಸಿ, ಪಂದ್ಯ ಅಲ್ಲಿಗೆ ನಿಲ್ಲಲಿಲ್ಲ. ಟ್ರಯಾಂಗಲ್‌ನಲ್ಲಿ ಹಿಡಿದಿಟ್ಟುಕೊಂಡು ಹೊಡೆದ ಮೇಲೆ ರೆಫರಿ ನಿಲ್ಲಿಸಿದರು.

ಸುಮ್ಮನೆ ಕಾದು ಕೂತವನ ಕೈ ಸಿಗುವುದಿಲ್ಲ. ಗುದ್ದಲು ಬಂದವನ ಕೈ ಸಿಗುತ್ತದೆ. ಅದಕ್ಕೇ ಈ ಪಟ್ಟು ಎಂಎಂಎಯಲ್ಲಿ ಇನ್ನೂ ಉಳಿದಿದೆ ಅಂತ ನನ್ನ ಅಭಿಪ್ರಾಯ.

ನೆಲಕ್ಕೆ ಕೆಡವು:
ಕ್ರೇಗ್ ಥರದವರು ಕಡಿಮೆ ಅಂತಷ್ಟೇ ಹೇಳುತ್ತೇನೆ. ಕೆಳಗೆ ಮಲಗಿ ಕಾಯುವಾಗ ಜಡ್ಜ್‌ಗಳ ಅಂಕ ಮೇಲಿನವನಿಗೇ ಹೋಗುತ್ತಿರುತ್ತದೆ.

ಮೂಲೆ ಮನೆ:
ಯಾರೂ ಕಣದ ಸುತ್ತಲಿನ ಬೇಲಿ (ಕೇಜ್) ಬಗ್ಗೆ ಮಾತಾಡಲಿಲ್ಲ. ತಲೆ ಕೇಜ್‌ಗೆ ತಾಗಿದ್ದರೆ ಈ ಪಟ್ಟಿಗೆ ಕೈ ಹಾಕಲೇಬೇಡಿ. ಅಡ್ಡಕ್ಕೆ ತಿರುಗಲು ಜಾಗ ಇರಲ್ಲ. ಮೊದಲು ಸೊಂಟ ಸರಿಸಿ ಬದಿಗೆ ಬನ್ನಿ.

ಕೆಳಗಿನಾಟ:
ತುಂಬಾ ಥ್ಯಾಂಕ್ಸ್. ತೋಳಿನ ಹಿಂದೆ ಹಿಡಿದು, ಕಾಲಿನೊಳಗೆ ಕೈ ತೂರಿಸಿ ನೋಡಿದೆ. ಜಾರುವುದು ಬಹಳ ಕಡಿಮೆಯಾಯಿತು. ನನಗಿಂತ ಭಾರದ ಒಬ್ಬರು ಮಾತ್ರ ಈಗಲೂ ಮಡಚಿ ಹಾಕುತ್ತಾರೆ. ಅವರು ಮೊಣಕೈ ಹಿಂದಕ್ಕೆ ಎಳೆದುಕೊಳ್ಳುತ್ತಾ ಮೇಲೆ ಒರಗುತ್ತಾರೆ.

ಮೊಣಕೈ ಪ್ರೇಮಿ:
ಮೊಣಕೈ ಎಳೆದುಕೊಂಡರೆ ಟ್ರಯಾಂಗಲ್‌ಗೆ ಹೋಗಿ, ಒಂದು ಕಾಲು ಹೇಗೂ ಕತ್ತಿನ ಮೇಲೇ ಇರುತ್ತದೆ. ಮೊಣಕೈ ಒಳಗೇ ಉಳಿದು ಭಾರ ಮಾತ್ರ ಬಂದರೆ, ಕೈ ಬಿಡದೆ ಅವರ ಕಾಲಿನ ಕಡೆಗೆ ತಲೆ ತೂರಿಸಿ ಹೊಟ್ಟೆ ನೆಲಕ್ಕೆ ಬರುವಂತೆ ತಿರುಗಿ. ಇದನ್ನು ಸ್ಪಾರಿಂಗ್‌ನಲ್ಲಿ ನಿಧಾನವಾಗಿ ಮಾಡಿ. ಹೊಟ್ಟೆ ಕೆಳಗಾದ ಮೇಲೆ ಇಡೀ ಸೊಂಟದ ಬಲ ಒಂದೇ ಸಲ ಮೊಣಕೈ ಮೇಲೆ ಬೀಳುತ್ತದೆ, ಟ್ಯಾಪ್ ಮಾಡಲು ಅವರಿಗೆ ಸಮಯ ಇರುವುದಿಲ್ಲ. ಎರಡೂ ಆಗದಿದ್ದರೆ ಅವರ ಸೊಂಟಕ್ಕೆ ಪಾದ ಕೊಟ್ಟು ತಳ್ಳಿ ಎದ್ದುಬಿಡಿ. ನಿಮ್ಮ ಜೊತೆಯವರು ಹೇಳಿದ ಮೇಲೇಳುವ ಪಾಠವೂ ಇಲ್ಲಿಗೇ ಬೇಕಾಗುತ್ತದೆ.