ಪ್ರಮಾಣಪತ್ರ ನವೀಕರಣವಾಗಿದ್ದರೂ ಬ್ರೌಸರಿನಲ್ಲಿ ಅವಧಿ ಮುಗಿದಿದೆ ಎಂಬ ಎಚ್ಚರಿಕೆ ಬರುತ್ತಿದೆ

ಪ್ರಶ್ನೆ: ಪೆರ್ಲದ ಓದುಗ

ಎಲ್ಲರಿಗೂ ನಮಸ್ಕಾರ. ಪೆರ್ಲ, ಬದಿಯಡ್ಕ, ನೀರ್ಚಾಲು ಸುತ್ತಮುತ್ತ ನಡೆದ ತಾಳಮದ್ದಳೆ ಕೂಟಗಳ ಧ್ವನಿಮುದ್ರಣಗಳನ್ನು ಒಂದೆಡೆ ಸೇರಿಸಿಡುವ ಜಾಲತಾಣವನ್ನು ಊರಿನ ಕಲಾಸಂಘದ ಪರವಾಗಿ ನಾನು ನೋಡಿಕೊಳ್ಳುತ್ತಿದ್ದೇನೆ. ತಿಂಗಳ ಬಾಡಿಗೆಯ ಸಣ್ಣ ವರ್ಚುವಲ್ ಸರ್ವರಿನಲ್ಲಿ ಉಬುಂಟು ಮತ್ತು ಪುಟಗಳನ್ನು ಬ್ರೌಸರಿಗೆ ಕಳಿಸುವ ಎಂಜಿನ್‌ಎಕ್ಸ್ ತಂತ್ರಾಂಶ ಇವೆ. ತಾಣದ ಗುರುತನ್ನು ಬ್ರೌಸರಿಗೆ ದೃಢಪಡಿಸುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಉಚಿತ ಪ್ರಮಾಣಪತ್ರವನ್ನು, ಅದನ್ನು ತಂದು ನವೀಕರಿಸುವ ಸರ್ಟ್‌ಬಾಟ್ ತಂತ್ರಾಂಶದ ಮೂಲಕ, ‘ಸರ್ಟ್‌ಓನ್ಲಿ’ ಆದೇಶದಲ್ಲಿ ವೆಬ್‌ರೂಟ್ ವಿಧಾನವನ್ನು (ತಾಣದ ಫೋಲ್ಡರಿನಲ್ಲಿ ಕಡತವಿಟ್ಟು ಡೊಮೇನ್ ನಮ್ಮದೆಂದು ತೋರಿಸುವುದು) ಆರಿಸಿ ಪಡೆದಿದ್ದೇವೆ. ಎಂಜಿನ್‌ಎಕ್ಸ್ ಸಂರಚನೆಯನ್ನು ಕೈಯಿಂದಲೇ ಬರೆಯಲಾಗಿದೆ.

ಕಳೆದ ವಾರ ಗಲ್ಫಿನಲ್ಲಿರುವ ಮತ್ತು ಮುಂಬೈಯಲ್ಲಿರುವ ಕೇಳುಗರು, ತಾಣ ತೆರೆದರೆ ಸಂಪರ್ಕ ಸುರಕ್ಷಿತವಲ್ಲ, ಪ್ರಮಾಣಪತ್ರದ ಅವಧಿ ಮುಗಿದಿದೆ ಎಂಬ ಎಚ್ಚರಿಕೆ ಬರುತ್ತಿದೆ ಎಂದು ತಿಳಿಸಿದರು. ಸರ್ವರಿನೊಳಗೆ ಹೋಗಿ ‘ಸರ್ಟ್‌ಬಾಟ್ ಸರ್ಟಿಫಿಕೇಟ್ಸ್’ ಆದೇಶ ಕೊಟ್ಟರೆ ಪ್ರಮಾಣಪತ್ರ ಸಿಂಧುವಾಗಿದೆ, ಇನ್ನೂ ಸುಮಾರು ಎರಡು ತಿಂಗಳ ಅವಧಿ ಇದೆ ಎಂದು ತೋರಿಸುತ್ತದೆ. ಸರ್ವರನ್ನು ರೀಬೂಟ್ ಮಾಡಿದೊಡನೆ ಎಚ್ಚರಿಕೆ ಹೋಯಿತು. ಆದರೆ ಇದನ್ನು ನೆನಪಿಟ್ಟುಕೊಂಡು ಪ್ರತಿ ಸಲವೂ ರೀಬೂಟ್ ಮಾಡುವುದಾದರೆ ಸ್ವಯಂಚಾಲಿತ ವ್ಯವಸ್ಥೆ ಇದ್ದು ಏನು ಪ್ರಯೋಜನ?

ಇನ್ನೆರಡು ಸಂದೇಹಗಳೂ ಇವೆ. ಧ್ವನಿಮುದ್ರಣ, ಪುಸ್ತಕಪಟ್ಟಿ, ಕಾರ್ಯಕ್ರಮಪಟ್ಟಿ ಎಂದು ಮೂರು ಉಪಹೆಸರುಗಳನ್ನು ಮಾಡಬೇಕೆಂದಿದ್ದೇವೆ. ಇದಕ್ಕೆ ಎಲ್ಲ ಉಪಹೆಸರುಗಳಿಗೂ ಒಂದೇ ನಕ್ಷತ್ರ ಚಿಹ್ನೆಯಿಂದ ಅನ್ವಯಿಸುವ ವೈಲ್ಡ್‌ಕಾರ್ಡ್ ಪ್ರಮಾಣಪತ್ರ ಬೇಕೆಂದು ಒಬ್ಬರು ಸಲಹೆ ಕೊಟ್ಟರು, ಆದರೆ ನಮಗೆ ಡೊಮೇನ್ ಮಾರಿದವರ ನಿಯಂತ್ರಣ ಫಲಕದಲ್ಲಿ ಎಪಿಐ (ತಂತ್ರಾಂಶದಿಂದಲೇ ದಾಖಲೆ ಬದಲಿಸುವ) ಸೌಲಭ್ಯವಿಲ್ಲ. ಮತ್ತೊಂದು, ಕನ್ನಡ ಲಿಪಿಯಲ್ಲೇ ಇರುವ, ‘.ಭಾರತ’ ಎಂದು ಕೊನೆಯಾಗುವ ಹೆಸರನ್ನೂ ಕೊಂಡಿದ್ದೇವೆ. ಅದನ್ನು ಸರ್ಟ್‌ಬಾಟ್‌ಗೆ ಕೊಟ್ಟರೆ ಸ್ವೀಕರಿಸುವುದೇ ಇಲ್ಲ.

ಉತ್ತರ 1: ಹೊಸೂರು ಅಡ್ಮಿನ್

ನಮಸ್ಕಾರ. ‘ಇನ್ನೂ ಸುಮಾರು ಎರಡು ತಿಂಗಳು’ ಎಂದು ನೀವು ಬರೆದಿರುವುದರಲ್ಲೇ ಕಾರಣ ಸಿಗುತ್ತದೆ. ಲೆಟ್ಸ್ ಎನ್‌ಕ್ರಿಪ್ಟ್‌ನ ಸಾಮಾನ್ಯ ಪ್ರಮಾಣಪತ್ರದ ಅವಧಿ 90 ದಿನ, ಮತ್ತು ಅದರಲ್ಲಿ ಸುಮಾರು 30 ದಿನ ಉಳಿದಾಗ ಸರ್ಟ್‌ಬಾಟ್ ಹೊಸದನ್ನು ತರುತ್ತದೆ. ಹಾಗಾಗಿ ಹಳೆಯದರ ಅವಧಿ ಮುಗಿಯುವ ದಿನಕ್ಕೆ ಹೊಸದರಲ್ಲಿ ಸರಿಸುಮಾರು 60 ದಿನ ಉಳಿದಿರಬೇಕು. ನಿಮ್ಮ ಲೆಕ್ಕ ಅದಕ್ಕೆ ಸರಿಯಾಗಿ ಹೊಂದುತ್ತದೆ. ನವೀಕರಣ ಒಂದು ತಿಂಗಳ ಹಿಂದೆಯೇ ಸರಿಯಾಗಿ ನಡೆದಿದ್ದು, ಎಂಜಿನ್‌ಎಕ್ಸ್ ಮಾತ್ರ ಆ ಇಡೀ ತಿಂಗಳು ಹಳೆಯ ಪ್ರಮಾಣಪತ್ರವನ್ನೇ ಕೊಡುತ್ತಿತ್ತು.

ಎಂಜಿನ್‌ಎಕ್ಸ್ ಆರಂಭವಾಗುವಾಗ ಅಥವಾ ರೀಲೋಡ್ (ನಿಲ್ಲದೆ ಸಂರಚನೆಯನ್ನು ಮತ್ತೆ ಓದುವುದು) ಆಗುವಾಗ ಮಾತ್ರ ಪ್ರಮಾಣಪತ್ರದ ಕಡತವನ್ನು ಓದಿ ಸ್ಮೃತಿಯಲ್ಲಿ ಇಟ್ಟುಕೊಳ್ಳುತ್ತದೆ. ಆಮೇಲೆ ಡಿಸ್ಕಿನಲ್ಲಿ ಕಡತ ಬದಲಾದರೂ ಅದಕ್ಕೆ ತಿಳಿಯುವುದಿಲ್ಲ. ಸರ್ಟ್‌ಬಾಟ್‌ನ ಎಂಜಿನ್‌ಎಕ್ಸ್ ಪ್ಲಗಿನ್ ಮೂಲಕ ಪ್ರಮಾಣಪತ್ರವನ್ನು ಪಡೆದು ಸ್ಥಾಪಿಸಿದವರಿಗೆ ರೀಲೋಡ್ ತಾನಾಗಿಯೇ ಆಗುತ್ತದೆ. ವೆಬ್‌ರೂಟ್ ವಿಧಾನದಲ್ಲಿ ಸರ್ಟ್‌ಬಾಟ್ ಕಡತವನ್ನು ತಂದಿಡುವಲ್ಲಿಗೆ ತನ್ನ ಕೆಲಸ ಮುಗಿಯಿತೆಂದು ಭಾವಿಸುತ್ತದೆ, ಏಕೆಂದರೆ ಆ ಕಡತವನ್ನು ಯಾವ ತಂತ್ರಾಂಶ ಬಳಸುತ್ತಿದೆ ಎಂಬುದು ಅದಕ್ಕೆ ಗೊತ್ತಿರುವುದಿಲ್ಲ.

ಪರಿಹಾರವೆಂದರೆ ಡಿಪ್ಲಾಯ್ ಹುಕ್, ಅಂದರೆ ನವೀಕರಣ ಯಶಸ್ವಿಯಾದೊಡನೆ ಸರ್ಟ್‌ಬಾಟ್ ತಾನೇ ಓಡಿಸುವ ಸ್ಕ್ರಿಪ್ಟ್. ಲೆಟ್ಸ್‌ಎನ್‌ಕ್ರಿಪ್ಟ್ ಫೋಲ್ಡರಿನೊಳಗೆ ‘ರಿನ್ಯೂವಲ್-ಹುಕ್ಸ್’, ಅದರೊಳಗೆ ‘ಡಿಪ್ಲಾಯ್’ ಎಂಬ ಫೋಲ್ಡರ್ ಇದೆ. ಅಲ್ಲಿ ಎರಡೇ ಸಾಲಿನ ಶೆಲ್ ಸ್ಕ್ರಿಪ್ಟ್ ಇಟ್ಟರೆ ಸಾಕು. ಅದು ಮೊದಲು ಸಂರಚನೆಯಲ್ಲಿ ದೋಷವಿಲ್ಲವೆಂದು ಎಂಜಿನ್‌ಎಕ್ಸ್‌ನ ‘-ಟಿ’ ಆಯ್ಕೆಯಿಂದ ಪರೀಕ್ಷಿಸಬೇಕು, ಪರೀಕ್ಷೆ ದಾಟಿದರೆ ಮಾತ್ರ ‘ಸಿಸ್ಟಂಸಿಟಿಎಲ್ ರೀಲೋಡ್ ಎಂಜಿನ್‌ಎಕ್ಸ್’ ಆದೇಶ ಕೊಡಬೇಕು. ಇಲ್ಲಿ ರೀಸ್ಟಾರ್ಟ್ ಬೇಡ, ರೀಲೋಡ್ ಸಾಕು. ರೀಲೋಡ್‌ನಲ್ಲಿ ಕೋರಿಕೆಗಳನ್ನು ನಿಭಾಯಿಸುವ ಹೊಸ ವರ್ಕರ್‌ಗಳು ಹೊಸ ಪ್ರಮಾಣಪತ್ರದೊಂದಿಗೆ ಆರಂಭವಾಗುತ್ತವೆ ಮತ್ತು ಹಳೆಯವು ಕೈಯಲ್ಲಿರುವ ಕೋರಿಕೆಗಳನ್ನು ಮುಗಿಸಿ ನಿಲ್ಲುತ್ತವೆ, ಆದ್ದರಿಂದ ಕರ್ಣಾರ್ಜುನ ಪ್ರಸಂಗವನ್ನು ಅರ್ಧ ಕೇಳಿದವರ ಮಾತು ನಡುವೆ ತುಂಡಾಗುವುದಿಲ್ಲ. ಸ್ಕ್ರಿಪ್ಟಿಗೆ ‘ಚ್‌ಮಾಡ್’ ಆದೇಶದಿಂದ ಚಾಲನೆಯ ಅನುಮತಿ ಕೊಟ್ಟಿರಬೇಕು. ಅನುಮತಿ ಇಲ್ಲದ ಕಡತವನ್ನು ಸರ್ಟ್‌ಬಾಟ್ ಓಡಿಸುವುದಿಲ್ಲ.

ಇಲ್ಲಿ ಬಹಳ ಮಂದಿಗೆ ತಿಳಿಯದ ಸೂಕ್ಷ್ಮವೊಂದಿದೆ. ‘ಸರ್ಟ್‌ಬಾಟ್ ರಿನ್ಯೂ’ ಆದೇಶಕ್ಕೆ ಪರೀಕ್ಷೆಗಾಗಿ ಮಾತ್ರ ನಡೆಸುವ ‘ಡ್ರೈ-ರನ್’ ಆಯ್ಕೆ ಸೇರಿಸಿ ಎಲ್ಲವೂ ಯಶಸ್ವಿ ಎಂದು ಬಂದರೆ ನಾವು ನಿಶ್ಚಿಂತರಾಗುತ್ತೇವೆ. ಆದರೆ ಆ ಪರೀಕ್ಷೆಯಲ್ಲಿ ಡಿಪ್ಲಾಯ್ ಹುಕ್‌ಗಳು ಸಾಮಾನ್ಯವಾಗಿ ಓಡುವುದೇ ಇಲ್ಲ, ಅಂದರೆ ನಿಮ್ಮಲ್ಲಿ ಕೆಟ್ಟಿದ್ದ ಭಾಗವನ್ನೇ ಅದು ಪರೀಕ್ಷಿಸುವುದಿಲ್ಲ. ಹೊಸ ಆವೃತ್ತಿಗಳಲ್ಲಿ ‘ರನ್-ಡಿಪ್ಲಾಯ್-ಹುಕ್ಸ್’ ಎಂಬ ಆಯ್ಕೆ ಇದೆ, ಅದನ್ನೂ ಜೊತೆಗೆ ಕೊಡಿ. ಹಳೆಯ ಆವೃತ್ತಿಯಾದರೆ ಸ್ಕ್ರಿಪ್ಟನ್ನು ಒಮ್ಮೆ ಕೈಯಿಂದಲೇ ಓಡಿಸಿ ನೋಡಿ.

ಕೊನೆಯದಾಗಿ, ‘ಸರ್ಟ್‌ಬಾಟ್ ಸರ್ಟಿಫಿಕೇಟ್ಸ್’ ಹೇಳುವುದು ಡಿಸ್ಕಿನಲ್ಲಿರುವ ಕಡತದ ವಿಷಯವನ್ನು ಮಾತ್ರ. ಕೇಳುಗರಿಗೆ ತಲುಪುವುದು ಸುರಕ್ಷಿತ ಸಂಪರ್ಕದ 443ನೇ ಪೋರ್ಟಿನಿಂದ ಹೊರಡುವ ಪ್ರಮಾಣಪತ್ರ. ಅದನ್ನು ನೋಡಲು ‘ಓಪನ್‌ಎಸ್‌ಎಸ್‌ಎಲ್ ಎಸ್_ಕ್ಲೈಂಟ್’ನಿಂದ ಆ ಪೋರ್ಟಿಗೆ ಸಂಪರ್ಕಿಸಿ, ‘ಸರ್ವರ್‌ನೇಮ್’ ಆಯ್ಕೆಯಲ್ಲಿ ನಿಮ್ಮ ಡೊಮೇನ್ ಹೆಸರು ಕೊಟ್ಟು, ಫಲಿತವನ್ನು ‘ಓಪನ್‌ಎಸ್‌ಎಸ್‌ಎಲ್ ಎಕ್ಸ್509’ಕ್ಕೆ ಪೈಪ್ ಮಾಡಿ ದಿನಾಂಕಗಳನ್ನು ಓದಿ. ಕಡತದಲ್ಲಿಯೂ ಪೋರ್ಟಿನಲ್ಲಿಯೂ ಅವಧಿ ಮುಗಿಯುವ ದಿನಾಂಕ ಒಂದೇ ಆಗಿದ್ದರೆ ಮಾತ್ರ ಕೆಲಸ ಮುಗಿದಂತೆ.

ಉತ್ತರ 2: ಅಕ್ಕಲಕೋಟದ ಮೇಷ್ಟ್ರು

ಹೊಸೂರಿನ ಮಿತ್ರರು ಮೊದಲ ಪ್ರಶ್ನೆಗೆ ಸಂಪೂರ್ಣ ಉತ್ತರ ಕೊಟ್ಟಿದ್ದಾರೆ, ನಾನು ಎರಡನೆಯದನ್ನು ತೆಗೆದುಕೊಳ್ಳುತ್ತೇನೆ. ಮೂರು ಉಪಹೆಸರುಗಳಿಗೆ ವೈಲ್ಡ್‌ಕಾರ್ಡ್ ಬೇಕೆಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ಲೆಟ್ಸ್ ಎನ್‌ಕ್ರಿಪ್ಟ್‌ನ ಸಾಮಾನ್ಯ ಪ್ರಮಾಣಪತ್ರದಲ್ಲಿ 100 ಹೆಸರುಗಳವರೆಗೆ ಸೇರಿಸಬಹುದು. ಈಗಿರುವ ಪ್ರಮಾಣಪತ್ರದ ಹೆಸರನ್ನು ‘ಸರ್ಟ್-ನೇಮ್’ ಆಯ್ಕೆಯಲ್ಲಿ ಕೊಟ್ಟು, ಹಳೆಯ ಮತ್ತು ಹೊಸ ಡೊಮೇನ್‌ಗಳನ್ನೆಲ್ಲ ‘-ಡಿ’ ಆಯ್ಕೆಯೊಂದಿಗೆ ಒಟ್ಟಿಗೆ ನಮೂದಿಸಿದರೆ ಸಾಕು. ಹೊಸವನ್ನು ಮಾತ್ರ ಬರೆದು ಹಳೆಯದನ್ನು ಬಿಟ್ಟರೆ ಮುಖ್ಯ ತಾಣವೇ ಪ್ರಮಾಣಪತ್ರದಿಂದ ಹೊರಗುಳಿಯುತ್ತದೆ. ಆಗ ಸರ್ಟ್‌ಬಾಟ್ ಕೇಳುವ ಪ್ರಶ್ನೆಯನ್ನು ಓದದೆ ಒಪ್ಪಿಗೆ ಕೊಡಬೇಡಿ.

ವೈಲ್ಡ್‌ಕಾರ್ಡ್ ನಿಜವಾಗಿ ಬೇಕಾಗುವುದು ಉಪಹೆಸರುಗಳು ದಿನದಿನಕ್ಕೆ ಹುಟ್ಟುವಲ್ಲಿ, ಇಲ್ಲವೇ ಒಳಬಳಕೆಯ ಹೆಸರುಗಳು ಹೊರಗೆ ತಿಳಿಯಬಾರದು ಎನ್ನುವಲ್ಲಿ. ಕೊಟ್ಟ ಪ್ರತಿಯೊಂದು ಪ್ರಮಾಣಪತ್ರವೂ ಸರ್ಟಿಫಿಕೇಟ್ ಟ್ರಾನ್ಸ್‌ಪರೆನ್ಸಿ ಎಂಬ ಸಾರ್ವಜನಿಕ ದಾಖಲೆಗಳಲ್ಲಿ ಸೇರುವುದರಿಂದ ಅದರಲ್ಲಿರುವ ಹೆಸರುಗಳನ್ನು ಯಾರು ಬೇಕಾದರೂ ಹುಡುಕಬಹುದು. ತಾಳಮದ್ದಳೆಯ ಪಟ್ಟಿಯನ್ನು ಮುಚ್ಚಿಡುವ ಅಗತ್ಯ ನಿಮಗೇನೂ ಇರಲಾರದು.

ಆದರೂ ಬೇಕೆಂದರೆ ದಾರಿ ಇದೆ. ವೈಲ್ಡ್‌ಕಾರ್ಡ್‌ಗೆ, ಡೊಮೇನ್ ನಿಮ್ಮದೆಂದು ಡಿಎನ್‌ಎಸ್ (ಹೆಸರನ್ನು ಸರ್ವರಿನ ವಿಳಾಸಕ್ಕೆ ಜೋಡಿಸುವ ವ್ಯವಸ್ಥೆ) ದಾಖಲೆಯಿಂದ ತೋರಿಸುವ ಡಿಎನ್‌ಎಸ್-01 ಪರಿಶೀಲನೆಯೇ ಆಗಬೇಕು. ‘_ಆಕ್ಮಿ-ಚಾಲೆಂಜ್’ ಎಂಬ ಹೆಸರಿನಡಿ ಪ್ರತಿ ನವೀಕರಣಕ್ಕೂ ಹೊಸ ಟಿಎಕ್ಸ್‌ಟಿ (ಬರಹದ) ದಾಖಲೆ ಹಾಕಬೇಕಾಗುತ್ತದೆ. ಫಲಕಕ್ಕೆ ಎಪಿಐ ಇಲ್ಲದಿದ್ದರೆ ಇದನ್ನು ಕೈಯಿಂದ ಮಾಡಬೇಕು, ಅಲ್ಲಿಗೆ ಸ್ವಯಂಚಾಲನೆ ಮುಗಿಯಿತು. ಇದನ್ನು ತಪ್ಪಿಸಲು ಆ ಹೆಸರನ್ನು ಒಮ್ಮೆ ಮಾತ್ರ, ಎಪಿಐ ಇರುವ ಬೇರೊಂದು ಡಿಎನ್‌ಎಸ್ ವಲಯಕ್ಕೆ ಸಿನೇಮ್ ದಾಖಲೆಯಿಂದ ತಿರುಗಿಸಿಡಬಹುದು. ಪರಿಶೀಲಿಸುವವರು ಸಿನೇಮ್ ಹಿಡಿದು ಅಲ್ಲಿಗೆ ಹೋಗಿ ಟಿಎಕ್ಸ್‌ಟಿ ಓದುತ್ತಾರೆ, ನಿಮ್ಮ ಮುಖ್ಯ ಡೊಮೇನ್ ಇದ್ದಲ್ಲೇ ಇರುತ್ತದೆ. ಸರ್ಟ್‌ಬಾಟ್‌ನಂತೆಯೇ ಪ್ರಮಾಣಪತ್ರ ತರುವ ಆಕ್ಮಿ.ಎಸ್‌ಎಚ್ ಎಂಬ ಶೆಲ್ ಸ್ಕ್ರಿಪ್ಟಿನಲ್ಲಿ ಇದಕ್ಕೆ ‘ಚಾಲೆಂಜ್-ಅಲಿಯಾಸ್’ ಆಯ್ಕೆ ಇದೆ. ಆದರೆ 2021ರ ಆಗಸ್ಟ್‌ನಿಂದ ಆ ಸ್ಕ್ರಿಪ್ಟಿಗೆ ಪ್ರಮಾಣಪತ್ರ ಕೊಡುವ ಪೂರ್ವನಿಯೋಜಿತ ಪ್ರಾಧಿಕಾರ ಜೀರೋಎಸ್‌ಎಸ್‌ಎಲ್, ಲೆಟ್ಸ್ ಎನ್‌ಕ್ರಿಪ್ಟ್ ಬೇಕಿದ್ದರೆ ‘ಸೆಟ್-ಡಿಫಾಲ್ಟ್-ಸಿಎ’ ಎಂದು ಸ್ಪಷ್ಟವಾಗಿ ಹೇಳಬೇಕು. ನಕ್ಷತ್ರ ಚಿಹ್ನೆಯ ಹೆಸರು ಬರಿಯ ಮೂಲ ಡೊಮೇನನ್ನು ಒಳಗೊಳ್ಳುವುದಿಲ್ಲ, ಅದನ್ನು ಪ್ರತ್ಯೇಕವಾಗಿ ಸೇರಿಸಬೇಕು.

ಕನ್ನಡ ಲಿಪಿಯ ಹೆಸರಿನ ವಿಷಯ ಸುಲಭ. ಲೆಟ್ಸ್ ಎನ್‌ಕ್ರಿಪ್ಟ್ ಅಂಥ ಹೆಸರುಗಳಿಗೆ 2016ರಿಂದಲೇ ಪ್ರಮಾಣಪತ್ರ ಕೊಡುತ್ತಿದೆ. ಸರ್ಟ್‌ಬಾಟ್‌ಗೆ ಮಾತ್ರ ಅದನ್ನು ಇಂಗ್ಲಿಷ್ ಅಕ್ಷರ, ಅಂಕಿಗಳಲ್ಲೇ ಬರೆಯುವ ಪ್ಯೂನಿಕೋಡ್ ರೂಪದಲ್ಲಿ, ಅಂದರೆ ‘ಎಕ್ಸ್‌ಎನ್’ ಮತ್ತು ಎರಡು ಅಡ್ಡಗೀಟುಗಳಿಂದ ಆರಂಭವಾಗುವ ಭಾಗಗಳೊಂದಿಗೆ ಕೊಡಬೇಕು. ಎಂಜಿನ್‌ಎಕ್ಸ್‌ನ ಸರ್ವರ್‌ನೇಮ್ ಸಾಲಿನಲ್ಲಿಯೂ ಅದೇ ರೂಪವಿರಲಿ. ಆ ರೂಪವನ್ನು ಡೊಮೇನ್ ಮಾರಿದವರ ಫಲಕದಿಂದಲೇ ನಕಲು ಮಾಡಿ. ನೀವೇ ಕನ್ನಡದಲ್ಲಿ ಟೈಪ್ ಮಾಡಿ ಪರಿವರ್ತಿಸಲು ಹೋದರೆ, ಅರ್ಧಾಕ್ಷರದ ಬಳಿ ಕೀಲಿಮಣೆ ಸೇರಿಸುವ ಕಣ್ಣಿಗೆ ಕಾಣದ ಅಕ್ಷರವೊಂದರಿಂದ ಬೇರೆಯೇ ಹೆಸರು ಹುಟ್ಟಬಹುದು.

ಪ್ರಶ್ನಿಸಿದವರ ಪ್ರತಿಕ್ರಿಯೆ: ಪೆರ್ಲದ ಓದುಗ

ಇಬ್ಬರಿಗೂ ಕೃತಜ್ಞತೆಗಳು. ಹುಕ್ ಹಾಕಿ ಪರೀಕ್ಷಿಸಿದೆ, ಪೋರ್ಟಿನಿಂದ ಬರುವ ದಿನಾಂಕವೂ ಕಡತದ ದಿನಾಂಕವೂ ಈಗ ಹೊಂದುತ್ತಿವೆ. ಮೇಷ್ಟ್ರ ಮಾತಿನಂತೆ ವೈಲ್ಡ್‌ಕಾರ್ಡ್ ವಿಚಾರ ಕೈಬಿಟ್ಟು ಮೂರು ಉಪಹೆಸರುಗಳನ್ನೂ ಒಂದೇ ಪ್ರಮಾಣಪತ್ರಕ್ಕೆ ಸೇರಿಸಿದ್ದೇನೆ.

ಕನ್ನಡ ಹೆಸರು ಮಾತ್ರ ಹಟ ಹಿಡಿದಿದೆ. ಪ್ಯೂನಿಕೋಡ್ ರೂಪವನ್ನು ಸರ್ಟ್‌ಬಾಟ್ ಸ್ವೀಕರಿಸಿತು, ಆದರೆ ಪರಿಶೀಲನೆಯಲ್ಲಿ 404 (ಕಡತ ಸಿಗಲಿಲ್ಲ) ದೋಷ ಬರುತ್ತಿದೆ. ಅದೇ ಹೆಸರನ್ನು ಮನೆಯ ಬ್ರಾಡ್‌ಬ್ಯಾಂಡಿನಲ್ಲಿ ತೆರೆದರೆ ನಮ್ಮ ತಾಣವೇ ಬರುತ್ತದೆ, ಪರೀಕ್ಷಾ ಕಡತವೊಂದನ್ನು ಇಟ್ಟರೂ ಕಾಣುತ್ತದೆ. ದೋಷದ ಸಂದೇಶದಲ್ಲಿರುವ ವಿಳಾಸ ಮಾತ್ರ ನಮ್ಮ ಸರ್ವರಿನದಲ್ಲ, ಅದರಲ್ಲಿ ಚುಕ್ಕಿಗಳ ಬದಲು ಅಲ್ಲಲ್ಲಿ ವಿವರಣ ಚಿಹ್ನೆಗಳಿವೆ.

ಉತ್ತರ 3: ಮಡಕಶಿರಾ ನೆಟ್‌ವರ್ಕ್

ಅದು ಐಪಿವಿ6 ವಿಳಾಸ, ಅಂದರೆ ಹಳೆಯ ಐಪಿವಿ4ರ ನಂತರ ಬಂದ ಹೊಸ ಬಗೆಯ ಅಂತರಜಾಲ ವಿಳಾಸ. ಡೊಮೇನ್ ಮಾರುವವರು ಕೆಲವೊಮ್ಮೆ ಹೊಸ ಹೆಸರನ್ನು ತಮ್ಮ ಜಾಹೀರಾತು ಪುಟಕ್ಕೆ ತೋರಿಸುವಂತೆ ಎ (ಐಪಿವಿ4) ಮತ್ತು ಎಎಎಎ (ಐಪಿವಿ6) ಎರಡೂ ದಾಖಲೆಗಳನ್ನು ಹಾಕಿಟ್ಟಿರುತ್ತಾರೆ. ನೀವು ಎ ದಾಖಲೆಯನ್ನು ಬದಲಿಸಿದ್ದೀರಿ, ಎಎಎಎ ಹಾಗೆಯೇ ಉಳಿದಿದೆ ಎಂದು ಕಾಣುತ್ತದೆ. ಎರಡೂ ಇದ್ದಾಗ ಲೆಟ್ಸ್ ಎನ್‌ಕ್ರಿಪ್ಟ್ ಮೊದಲು ಐಪಿವಿ6 ವಿಳಾಸಕ್ಕೇ ಹೋಗುತ್ತದೆ. ಅಲ್ಲಿ ಸಂಪರ್ಕವೇ ಸಿಗದಿದ್ದರೆ ಐಪಿವಿ4 ಕಡೆಗೆ ತಿರುಗುತ್ತದೆ, ಆದರೆ ಯಾರದೋ ಸರ್ವರ್ ‘ಈ ಕಡತ ಇಲ್ಲ’ ಎಂದು ಉತ್ತರ ಕೊಟ್ಟರೆ ಅದನ್ನೇ ಅಂತಿಮವೆಂದು ತೆಗೆದುಕೊಳ್ಳುತ್ತದೆ. ನಿಮ್ಮ ಮನೆಯ ಸಂಪರ್ಕದಲ್ಲಿ ಐಪಿವಿ6 ಇಲ್ಲದಿರುವುದರಿಂದಲೇ ನಿಮಗೆ ಎಲ್ಲವೂ ಸರಿಯಾಗಿ ಕಂಡಿರಬೇಕು. ಎಎಎಎ ದಾಖಲೆಯನ್ನು ಅಳಿಸಿ, ಇಲ್ಲವೇ ನಿಮ್ಮ ಸರ್ವರಿನ ಐಪಿವಿ6 ವಿಳಾಸ ಹಾಕಿ ಎಂಜಿನ್‌ಎಕ್ಸ್ ಅಲ್ಲಿಯೂ 80ನೇ ಪೋರ್ಟಿನಲ್ಲಿ ಕೇಳುವಂತೆ ಮಾಡಿ.

ಸರಿಯಾಗುವವರೆಗೆ ‘ಡ್ರೈ-ರನ್’ನಲ್ಲೇ ಪ್ರಯತ್ನಿಸಿ, ಅದು ಪರೀಕ್ಷೆಗೆಂದೇ ಇರುವ ಸ್ಟೇಜಿಂಗ್ ಸರ್ವರಿಗೆ ಹೋಗುತ್ತದೆ. ನಿಜವಾದ ಸರ್ವರಿನಲ್ಲಿ ಒಂದು ಖಾತೆಯಿಂದ ಒಂದು ಹೆಸರಿಗೆ ಗಂಟೆಗೆ 5 ವಿಫಲ ಪರಿಶೀಲನೆಗಳ ಮಿತಿ ಇದೆ. ಹಾಗೆಯೇ ಫೈರ್‌ವಾಲ್‌ನಲ್ಲಿ ಭಾರತದ ಹೊರಗಿನ ವಿಳಾಸಗಳನ್ನು ತಡೆದಿದ್ದರೆ 80ನೇ ಪೋರ್ಟಿನ ಮಟ್ಟಿಗಾದರೂ ಅದನ್ನು ತೆಗೆಯಿರಿ, ಏಕೆಂದರೆ 2020ರಿಂದ ಪರಿಶೀಲನೆ ಹಲವು ಸ್ಥಳಗಳಿಂದ ಏಕಕಾಲಕ್ಕೆ ನಡೆಯುತ್ತದೆ.

ಈ ಚರ್ಚೆಯಲ್ಲಿ ಇನ್ನೂ ಬಾರದ ಒಂದು ಸಂಗತಿ ಇದೆ. ನಿಮ್ಮ ತೊಂದರೆಯನ್ನು ನಿಮಗೆ ತಿಳಿಸಿದವರು ಗಲ್ಫಿನ ಕೇಳುಗರು. ಅವಧಿ ಮುಗಿಯುವ ಮುನ್ನ ಬರುತ್ತಿದ್ದ ಎಚ್ಚರಿಕೆಯ ಇಮೇಲ್‌ಗಳನ್ನು ಲೆಟ್ಸ್ ಎನ್‌ಕ್ರಿಪ್ಟ್ 2025ರ ಜೂನ್‌ನಲ್ಲಿ ನಿಲ್ಲಿಸಿದೆ. ಅವು ಇದ್ದಿದ್ದರೂ ನಿಮಗೆ ಉಪಯೋಗವಾಗುತ್ತಿರಲಿಲ್ಲ, ಏಕೆಂದರೆ ಅವರ ಲೆಕ್ಕದಲ್ಲಿ ನಿಮ್ಮ ನವೀಕರಣ ಆಗಿತ್ತು. ಕಾವಲನ್ನು ನಾವೇ ಇಡಬೇಕು. ಹೊಸೂರಿನವರು ಹೇಳಿದ ಎಸ್_ಕ್ಲೈಂಟ್ ಆದೇಶದ ಕೊನೆಗೆ ಎಕ್ಸ್509ರ ‘ಚೆಕ್‌ಎಂಡ್’ ಆಯ್ಕೆಯನ್ನು 1209600 ಎಂಬ ಸಂಖ್ಯೆಯೊಂದಿಗೆ ಸೇರಿಸಿ. ಅದು 14 ದಿನಗಳ ಸೆಕೆಂಡುಗಳ ಲೆಕ್ಕ, ಅಷ್ಟರೊಳಗೆ ಅವಧಿ ಮುಗಿಯುವುದಾದರೆ ಆದೇಶ ವೈಫಲ್ಯದ ಸಂಕೇತ ಕೊಡುತ್ತದೆ. ಆ ಸಂಕೇತ ಬಂದಾಗ ಇಮೇಲ್ ಹೋಗುವಂತೆ ನಿಗದಿತ ಸಮಯಕ್ಕೆ ಆದೇಶ ಓಡಿಸುವ ಕ್ರಾನ್‌ನಲ್ಲಿ ದಿನಕ್ಕೊಮ್ಮೆ ಓಡಿಸಿ. ಪ್ರಮಾಣಪತ್ರಗಳ ಗರಿಷ್ಠ ಅವಧಿ 2029ರ ಮಾರ್ಚ್ 15ರಿಂದ 47 ದಿನಕ್ಕೆ ಇಳಿಯಬೇಕೆಂದು ಪ್ರಮಾಣಪತ್ರ ಕೊಡುವವರ ಮತ್ತು ಬ್ರೌಸರ್ ತಯಾರಕರ ಒಕ್ಕೂಟವಾದ ಸಿಎ/ಬ್ರೌಸರ್ ಫೋರಂ ಈಗಾಗಲೇ ತೀರ್ಮಾನಿಸಿರುವುದರಿಂದ, ಆಗ ಈ 14 ದಿನದ ಅಂತರವನ್ನೂ ಕಡಿಮೆ ಮಾಡಬೇಕಾದೀತು.

ಈ ಕ್ರಾನ್ ಕೆಲಸವನ್ನು ಅದೇ ಸರ್ವರಿನಲ್ಲಿ ಇಡಬೇಡಿ. ಸಂಘದ ಕಚೇರಿಯ ಕಂಪ್ಯೂಟರ್ ಕೂಡ ಬೇಡ, ಮಳೆಗಾಲದಲ್ಲಿ ನಿಮ್ಮ ಕಡೆ ಕರೆಂಟು ಹೋದರೆ ಯಾವಾಗ ಬರುತ್ತದೆಂದು ಹೇಳಲಾಗುವುದಿಲ್ಲ. ಮುಂಬೈಯ ಕೇಳುಗರಲ್ಲಿ ಯಾರಾದರೂ ಸದಾ ಚಾಲೂ ಇರುವ ಲಿನಕ್ಸ್ ಯಂತ್ರ ಇಟ್ಟುಕೊಂಡಿದ್ದರೆ ಅವರನ್ನು ಕೇಳಿ ನೋಡಿ.