ಗರ್ತ್ ಬಿಗಿದರೆ ಕಚ್ಚೋಕೆ ಬರುತ್ತಾಳೆ: ಜೀನಿನದ್ದಾ, ಕುದುರೆಯದ್ದಾ ತೊಂದರೆ?

ಮೈಸೂರಿನ ಹೊರಗೆ ಸಣ್ಣ ಲಾಯ ನಮ್ಮದು. ಬೆಂಗಳೂರಿನಲ್ಲಿ ರೇಸ್ ಓಡಿ ಬಿಟ್ಟ ಥರೋಬ್ರೆಡ್ ತಳಿಯ ಹೆಣ್ಣು ಕುದುರೆ ತಂದಿದ್ದೇನೆ, ಜೊತೆಗೆ ಸೆಕೆಂಡ್ ಹ್ಯಾಂಡ್ ಕಾನ್ಪುರದ ಜೀನು. ಗರ್ತ್ (ಜೀನು ಜಾರದಂತೆ ಹೊಟ್ಟೆ ಕೆಳಗಿಂದ ಕಟ್ಟುವ ಪಟ್ಟಿ) ಬಿಗಿಯೋಕೆ ಹೋದರೆ ಕಿವಿ ಹಿಂದಕ್ಕೆ ಮಡಚಿ ಕಚ್ಚೋಕೆ ಬರುತ್ತಾಳೆ. ವಿದರ್ಸ್‌ನ (ಕತ್ತು ಬೆನ್ನಿಗೆ ಸೇರುವಲ್ಲಿನ ಉಬ್ಬು) ಎರಡೂ ಬದಿಗೆ ನಾಣ್ಯದಷ್ಟಗಲ ಬಿಳಿ ಕೂದಲು ಬೇರೆ. ದಪ್ಪ ಜೆಲ್ ಪ್ಯಾಡ್ ಹಾಕು, ಸರಿಹೋಗುತ್ತೆ ಅಂತಾರೆ ಕೆಲವರು. ಮಳೆಗಾಲದಲ್ಲಿ ಜೀನಿನ ಚರ್ಮಕ್ಕೆಲ್ಲ ಬೂಷ್ಟು ಹಿಡಿಯುತ್ತೆ, ಅದಕ್ಕೂ ಏನಾದರೂ ಹೇಳಿ.

*

ಮೊದಲು ಪ್ಯಾಡ್ ವಿಷಯ. ಬೇಡ. ಜೀನು ಇಕ್ಕಟ್ಟಾಗಿದ್ದರೆ ಅದರ ಕೆಳಗೆ ದಪ್ಪ ಪ್ಯಾಡ್ ತುರುಕೋದು ಬಿಗಿ ಶೂ ಒಳಗೆ ಎರಡು ಜೊತೆ ಸಾಕ್ಸ್ ಹಾಕಿಕೊಂಡ ಹಾಗೆ. ಇನ್ನೂ ಜಾಸ್ತಿ ಒತ್ತುತ್ತದೆ ಅಷ್ಟೇ. ಸ್ವಲ್ಪ ಅಗಲವಾದ ಜೀನಿಗಾದರೆ ಪ್ಯಾಡ್ ಕೆಲವು ದಿನ ಕೈ ಹಿಡಿಯಬಹುದು, ಇಕ್ಕಟ್ಟಿನದಕ್ಕೆ ಇಲ್ಲ. ನಿಮ್ಮದು ಯಾವುದು ಅಂತ ತಿಳಿಯೋಕೆ ಪ್ಯಾಡ್ ತೆಗೆದು ಬರೀ ಬೆನ್ನ ಮೇಲೆ ಜೀನು ಇಟ್ಟು ನೋಡಿ. ಕುದುರೆ ಸಮನೆಲದಲ್ಲಿ ನಾಲ್ಕೂ ಕಾಲಿನ ಮೇಲೆ ನೆಟ್ಟಗೆ ನಿಂತಿರಲಿ. ಜೀನನ್ನು ಕೊಂಚ ಮುಂದೆ ಇಟ್ಟು, ಕೂದಲು ಮಲಗಿರುವ ದಿಕ್ಕಿಗೆ ಮೆಲ್ಲಗೆ ಹಿಂದಕ್ಕೆ ಜಾರಿಸಿ, ತಾನಾಗಿ ಒಂದು ಕಡೆ ನಿಲ್ಲುತ್ತದೆ. ಎಷ್ಟೋ ಜನ ಹೆಗಲ ಮೂಳೆ ಮೇಲೆ ಹತ್ತಿಸಿಯೇ ಕಟ್ಟುತ್ತಾರೆ, ಆಮೇಲೆ ಕುದುರೆ ಹೆಜ್ಜೆ ಚಿಕ್ಕದು ಹಾಕುತ್ತೆ ಅಂತ ಬೈಯುತ್ತಾರೆ. ಕಾಲು ಮುಂದೆ ಚಾಚಿದಾಗ ಆ ಮೂಳೆಯ ಮೇಲ್ತುದಿ ಹಿಂದಕ್ಕೆ ಸರಿಯಬೇಕು, ಜಾಗ ಎಲ್ಲಿದೆ ಪಾಪ?

ಮುಂದಿನ ಕಮಾನಿಗೂ ವಿದರ್ಸ್‌ಗೂ ನಡುವೆ ಎರಡು ಮೂರು ಬೆರಳು ತೂರಬೇಕು. ಸವಾರ ಕೂತ ಮೇಲೂ ಸಂದು ಉಳಿಯಬೇಕು, ಮೇಲಷ್ಟೇ ಅಲ್ಲ, ಪಕ್ಕಗಳಲ್ಲೂ. ರೇಸ್ ಕುದುರೆಗಳ ವಿದರ್ಸ್ ಸಾಮಾನ್ಯವಾಗಿ ಎತ್ತರ. ಓಟ ನಿಂತು ಮೈ ಇಳಿದಾಗ ಅದರ ಹಿಂದೆ ಗುಳಿ ಬೀಳುತ್ತೆ, ಜೀನು ಮುಂದಕ್ಕೆ ಕುಸಿಯುತ್ತೆ. ಆಮೇಲೆ ಜೀನಿನ ಕೆಳಗೆ ಕೈ ತೂರಿಸಿ ಮುಂದಿನಿಂದ ಹಿಂದಕ್ಕೆ ಸವರುತ್ತಾ ಹೋಗಿ. ಮುಂದೆ ಬಿಗಿ, ನಡುವೆ ಖಾಲಿ, ಹಿಂದೆ ಮತ್ತೆ ಬಿಗಿ ಅನ್ನಿಸಿದರೆ ನಿಮ್ಮ ಭಾರವೆಲ್ಲ ನಾಲ್ಕು ಮೂಲೆ ಮೇಲೆ ಕೂತಿದೆ. ಕೊನೇ ಪಕ್ಕೆಲುಬು ಹುಡುಕಿ ಅದರ ಜಾಡು ಹಿಡಿದು ಬೆನ್ನಿನವರೆಗೆ ಬೆರಳು ಓಡಿಸಿ, ಜೀನು ಆ ಗೆರೆ ದಾಟಿ ಹಿಂದಕ್ಕೆ ಹೋಗಬಾರದು.

ಬಿಳಿ ಕೂದಲು ನೋಡಿ ಈಗಲೇ ಈ ಜೀನನ್ನು ದೂರಬೇಡಿ. ಒತ್ತಡಕ್ಕೆ ಕೂದಲ ಬುಡ ಕೆಟ್ಟರೆ ಆಮೇಲೆ ಹುಟ್ಟುವ ಕೂದಲು ಬಿಳಿಯಾಗುತ್ತದೆ, ಅಂದರೆ ಹಳೇ ಜೀನಿನ ಕೆಲಸವೂ ಇರಬಹುದು. ಇವತ್ತಿನ ಕಥೆ ಬೆವರಿನಲ್ಲಿದೆ. ಚೆನ್ನಾಗಿ ಬೆವರುವಷ್ಟು ಕೆಲಸ ಮಾಡಿಸಿ ಜೀನು ಬಿಚ್ಚಿ. ಸುತ್ತ ಒದ್ದೆಯಾಗಿದ್ದು ನಡುವೆ ಒಣ ಮಚ್ಚೆ ಕಂಡರೆ ಅಲ್ಲಿ ಜೋರಾಗಿ ಒತ್ತಿದೆ, ಇಲ್ಲಾ ಜೀನು ಮುಟ್ಟೇ ಇಲ್ಲ. ಆ ಜಾಗವನ್ನು ಬೆರಳಿನಿಂದ ಮೆಲ್ಲಗೆ ಒತ್ತಿ. ಬೆನ್ನು ತಗ್ಗಿಸಿ ತಪ್ಪಿಸಿಕೊಂಡಳೋ, ನೋಯುತ್ತಿದೆ.

ಸೆಕೆಂಡ್ ಹ್ಯಾಂಡ್ ಅಂದಿರಿ, ಒಳಗಿನ ಟ್ರೀ (ಜೀನಿನ ಗಟ್ಟಿ ಚೌಕಟ್ಟು) ಮುರಿದಿದೆಯಾ ಅಂತಲೂ ನೋಡಿ. ಹಿಂತುದಿಯನ್ನು ನಿಮ್ಮ ಹೊಟ್ಟೆಗೆ ಆನಿಸಿಕೊಂಡು ಮುಂತುದಿಯನ್ನು ನಿಮ್ಮ ಕಡೆಗೆ ಎಳೆಯಿರಿ. ಸ್ಪ್ರಿಂಗ್ ಟ್ರೀ, ಅಂದರೆ ಬಗ್ಗುವ ಉಕ್ಕಿನ ಪಟ್ಟಿ ಇರುವ ಚೌಕಟ್ಟು ಇದ್ದರೆ ಸ್ವಲ್ಪ ಬಗ್ಗಿ ವಾಪಸ್ ಬರುತ್ತೆ. ಕಿರುಗುಟ್ಟಿದರೆ, ಒಂದು ಬದಿ ಮಾತ್ರ ಮಡಚಿದರೆ ಅದು ಗೋಡೆಗೆ ನೇತುಹಾಕೋಕೆ ಸರಿ.

*

ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ಕಚ್ಚೋದಕ್ಕೆಲ್ಲ ಜೀನೇ ಕಾರಣ ಅಂತ ನಾನು ಒಪ್ಪಲ್ಲ. ರೇಸ್ ಕುದುರೆಗಳಲ್ಲಿ ಹೊಟ್ಟೆ ಹುಣ್ಣು ತೀರಾ ಸಾಮಾನ್ಯ. ಕುದುರೆ ಹೊಟ್ಟೆಯಲ್ಲಿ ತಿಂದರೂ ತಿನ್ನದಿದ್ದರೂ ಆಸಿಡ್ ಊರುತ್ತಲೇ ಇರುತ್ತೆ, ಹುಲ್ಲು ಕಮ್ಮಿ, ದಾಣಿ ಜಾಸ್ತಿ ಮಾಡಿ ಗಂಟೆಗಟ್ಟಲೆ ಖಾಲಿ ಬಿಟ್ಟರೆ ಹುಣ್ಣಾಗದೆ ಇನ್ನೇನು. ಕುದುರೆ ಗೊತ್ತಿರುವ ವೆಟ್ ಹತ್ತಿರ ತೋರಿಸಿ, ಹಲ್ಲೂ ನೋಡಿಸಿಬಿಡಿ. ಅಲ್ಲಿಯವರೆಗೆ ಜೀನು ಹಾಕುವ ಮುಂಚೆ ಒಂದಷ್ಟು ಒಣಹುಲ್ಲು ತಿನ್ನಲಿ.

ಗರ್ತ್ ಒಂದೇ ಉಸಿರಿಗೆ ಬಿಗಿಯೋ ಅಭ್ಯಾಸ ನಮ್ಮ ಸೈಸ್‌ಗಳಿಗೆ (ಕುದುರೆ ನೋಡಿಕೊಳ್ಳುವ ಆಳುಗಳಿಗೆ) ಇದೆ, ನಾಲ್ಕು ಕುದುರೆ ಕಟ್ಟೋ ಗಡಿಬಿಡಿ ಅವರಿಗೆ. ಒಂದು ತೂತಿನಷ್ಟು ಬಿಗಿದು, ನಾಲ್ಕು ಹೆಜ್ಜೆ ನಡೆಸಿ, ಇನ್ನೊಂದು ತೂತಿನಷ್ಟು ಬಿಗಿಯಿರಿ. ಮುಂಗಾಲು ಒಂದೊಂದಾಗಿ ಎತ್ತಿ ಮುಂದಕ್ಕೆ ಎಳೆದರೆ ಗರ್ತ್ ಕೆಳಗೆ ಸಿಕ್ಕಿಕೊಂಡ ಚರ್ಮ ಬಿಡಿಸಿಕೊಳ್ಳುತ್ತೆ. ಗರ್ತ್‌ನ ಒಳಮೈ ಕೈಯಲ್ಲಿ ಸವರಿ ನೋಡಿದ್ದೀರಾ? ಬೆವರು, ಧೂಳು, ಉದುರಿದ ಕೂದಲು ಸೇರಿ ಗಟ್ಟಿಯಾಗಿ ಮರಳು ಕಾಗದದ ಥರ ಆಗಿರುತ್ತೆ. ಅದನ್ನು ಮೊಣಕೈ ಹಿಂದಿನ ಎಳೇ ಚರ್ಮಕ್ಕೆ ಉಜ್ಜಿದರೆ ಯಾರಾದರೂ ಕಚ್ಚುತ್ತಾರೆ.

*

ಬೂಷ್ಟಿನ ಬಗ್ಗೆ ಸಕಲೇಶಪುರದವರನ್ನ ಕೇಳಿ! ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮಗೆ ಅದೇ ಕೆಲಸ. ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿ ಇಡಬೇಡಿ, ಒಳಗೇ ಬೆವೆತು ಇನ್ನೂ ಬೇಗ ಹಿಡಿಯುತ್ತೆ. ಗಾಳಿ ಆಡುವ ಕಡೆ, ಗೋಡೆಯಿಂದ ದೂರ ಸ್ಟ್ಯಾಂಡ್ ಮೇಲಿಟ್ಟು ಹತ್ತಿಬಟ್ಟೆ ಹೊದಿಸಿ. ಹಿಡಿದಿದ್ದನ್ನು ಹೊರಗೆ ತಂದು ಒಣಬಟ್ಟೆಯಲ್ಲಿ ಒರೆಸಿ, ಆಮೇಲೆ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಬಟ್ಟೆ ಹಿಂಡಿ ಒರೆಸಿ, ನೆರಳಲ್ಲಿ ಒಣಗಿಸಿ. ಬಿಸಿಲು, ಒಲೆ ಹತ್ತಿರ ಬೇಡವೇ ಬೇಡ, ಚರ್ಮ ಬಿರಿಯುತ್ತೆ. ಕೊನೆಗೆ ಗ್ಲಿಸರಿನ್ ಸ್ಯಾಡಲ್ ಸೋಪು, ನೊರೆ ಬರದಷ್ಟು ಕಮ್ಮಿ ನೀರಿನಲ್ಲಿ.

ಕೊಬ್ಬರಿ ಎಣ್ಣೆ ಹಚ್ಚಿ ಅಂತ ಯಾರಾದರೂ ಹೇಳೇ ಹೇಳುತ್ತಾರೆ. ನನಗಂತೂ ಇಷ್ಟವಿಲ್ಲ. ಕಮಟು ವಾಸನೆ ಬರುತ್ತೆ, ಇಲಿ ಬರುತ್ತೆ. ಯಾವ ಎಣ್ಣೆಯಾದರೂ ಜಾಸ್ತಿಯಾದರೆ ಚರ್ಮ ಮೆತ್ತಗಾಗಿ ಹೊಲಿಗೆಯೂ ಸಡಿಲವಾಗುತ್ತೆ. ಗರ್ತ್ ಕಟ್ಟುವ ಪಟ್ಟಿಗಳ ಹೊಲಿಗೆ, ರಿಕಾಬು (ಸವಾರ ಪಾದ ಇಡುವ ಬಳೆ) ಪಟ್ಟಿ ಮಡಿಕೆ ಬೀಳುವ ಜಾಗ, ಲಗಾಮು ಕಡಿವಾಣಕ್ಕೆ ಸೇರುವ ಕಡೆ, ಇವನ್ನ ತೊಳೆಯುವಾಗ ಬಗ್ಗಿಸಿ ನೋಡಿ. ಸಣ್ಣ ಬಿರುಕು ಕಂಡರೂ ಸವಾರಿ ಮಾಡಬೇಡಿ. ಎಡಗಡೆಯಿಂದಲೇ ಹತ್ತುತ್ತೀರಾದರೆ ರಿಕಾಬು ಪಟ್ಟಿ ಎಡದ್ದು ಉದ್ದವಾಗಿರುತ್ತೆ, ಆಗಾಗ ಅದಲು ಬದಲು ಮಾಡಿ.

*

ಇನ್ನೊಂದು. ಈ ಕುದುರೆ ಹೊಸ ಕೆಲಸಕ್ಕೆ ಒಗ್ಗಿ ಬೆನ್ನು ತುಂಬಿಕೊಂಡರೆ ಇವತ್ತು ಸರಿಹೋದ ಜೀನು ಆರು ತಿಂಗಳಿಗೆ ಇಕ್ಕಟ್ಟಾಗುತ್ತೆ. ಡ್ರಾಯಿಂಗ್‌ಗೆ ಬಳಸುವ ಫ್ಲೆಕ್ಸಿಬಲ್ ಕರ್ವ್ (ಬಗ್ಗಿಸಿದ ಆಕಾರದಲ್ಲೇ ನಿಲ್ಲುವ ಪಟ್ಟಿ) ಸ್ಟೇಷನರಿ ಅಂಗಡಿಯಲ್ಲಿ ಸಿಗುತ್ತೆ. ಅದನ್ನು ಹೆಗಲ ಮೂಳೆಯ ಹಿಂದೆ, ವಿದರ್ಸ್ ಮೇಲಿಂದ ಎರಡೂ ಬದಿಗೆ ಬಗ್ಗಿಸಿ ಕೂರಿಸಿ, ಆಕಾರ ಕೆಡದಂತೆ ಎತ್ತಿ ಕಾಗದದ ಮೇಲೆ ಗೆರೆ ಎಳೆದು ತಾರೀಕು ಬರೆದಿಡಿ. ಎರಡು ಮೂರು ತಿಂಗಳಿಗೊಮ್ಮೆ ಹೊಸ ಗೆರೆ ಹಳೆಯದರ ಮೇಲಿಟ್ಟು ನೋಡಿ. ಒಳಗೆ ಉಣ್ಣೆ ತುಂಬಿದ ಜೀನಾದರೆ ತುಂಬಿದ್ದನ್ನು ತೆಗೆಸಿ, ಸೇರಿಸಿ ಸರಿಮಾಡಿಸಬಹುದು, ಫೋಮ್ ಇದ್ದರೆ ಅಷ್ಟು ಸುಲಭವಿಲ್ಲ. ಹೊಸದಕ್ಕೆ ದುಡ್ಡು ಸುರಿಯುವ ಮುಂಚೆ ನಿಮ್ಮದು ಯಾವುದು ಹೇಳಿ, ಬೆನ್ನಿನ ಫೋಟೊ ಎರಡೂ ಕಡೆಯಿಂದ ಹಾಕಿ.